ನಾಲ್ಕು ಬೆರಳಿನ ದೂರ

ನಮ್ಮ ಕಡೆ ಮೈಕ್ ಅಂದರೆ ಮೈಕ್‌ಸೆಟ್. ಜಾತ್ರೆ, ಮದುವೆ, ಗಣಪತಿ, ಚುನಾವಣೆ, ಏನೇ ಇರಲಿ, ಹಿಂದಿನ ದಿನವೇ ಕಪ್ಪು ಪೆಟ್ಟಿಗೆಗಳು ಬಂದಿಳಿಯಬೇಕು, ಬೇವಿನ ಮರಕ್ಕೆ ಆಹುಜಾ ಹಾರ್ನು ಕಟ್ಟಬೇಕು, ಒಬ್ಬ ಹುಡುಗ ‘ಹಲೋ ಹಲೋ, ಮೈಕ್ ಟೆಸ್ಟಿಂಗ್’ ಎಂದು ಊರನ್ನೆಲ್ಲ ಎಚ್ಚರಿಸಬೇಕು. ಮೈಕ್ ಇರುವುದೇ ಒಬ್ಬರ ಮಾತನ್ನು ಸಾವಿರ ಜನಕ್ಕೆ ಮುಟ್ಟಿಸಲು. ಹಾಗಾಗಿ ಒಳ್ಳೆಯ ಮೈಕ್ ಎಂದರೆ ಪಕ್ಕದೂರಿಗೂ ಕೇಳಿಸುವ ಮೈಕ್. ಈ ಲೆಕ್ಕದಲ್ಲಿ ಕೊರತೆಯೇನೂ ಇಲ್ಲ. ಆದರೆ ಕಳೆದ ವರ್ಷ ನಾನೊಂದು ಮೈಕ್ ಕೊಳ್ಳಲು ಹೊರಟಾಗ ಅದರ ಆಚೆ ತುದಿಯಲ್ಲಿ ಇದ್ದದ್ದು ಒಬ್ಬಳೇ ಕೇಳುಗಳು, ಅದೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ನನ್ನ ಮಾತನ್ನು ಎರಡರಷ್ಟು ವೇಗದಲ್ಲಿ ಓಡಿಸಿ ಕೇಳುವವಳು.

ಅವಳು ಕನ್ನಡ ಎಂ.ಎ. ವಿದ್ಯಾರ್ಥಿನಿ. ನಾನು ಸಂಶೋಧನೆ ಮಾಡುತ್ತಿರುವ ವಿಭಾಗದಲ್ಲೇ ಓದುತ್ತಾಳೆ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನೆಟ್ ಪರೀಕ್ಷೆ ಬರೆಯಬೇಕು, ಮುಂದೆ ಹಳಗನ್ನಡದಲ್ಲೇ ಪಿಎಚ್.ಡಿ. ಮಾಡಬೇಕು ಎಂಬುದು ಅವಳ ಹಟ. ಅವಳ ಫೋನು ಮಾತಾಡುತ್ತದೆ, ಲ್ಯಾಪ್‌ಟಾಪು ಮಾತಾಡುತ್ತದೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನ ಕನ್ನಡವನ್ನು ಗಡಗಡನೆ ಓದಿ ಹೇಳುತ್ತದೆ. ಇವತ್ತಿನ ಪತ್ರಿಕೆ, ಕತೆ, ಕಾದಂಬರಿ ಎಲ್ಲ ಅದರಲ್ಲಿ ನಡೆಯುತ್ತದೆ. ತೊಡಕು ಶುರುವಾಗುವುದು ಹಳಗನ್ನಡದಲ್ಲಿ. ಹಳೆಯ ಅಚ್ಚುಮೊಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿದರೆ ಒತ್ತಕ್ಷರ ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ ಚೆದುರುತ್ತದೆ. ಱ ಮತ್ತು ೞ ಬಂದಲ್ಲಿ ಯಂತ್ರ ಒಮ್ಮೊಮ್ಮೆ ಮೌನವಾಗುತ್ತದೆ, ಒಮ್ಮೊಮ್ಮೆ ಏನನ್ನೋ ಊಹಿಸುತ್ತದೆ. ಸಮಾಸದ ಉದ್ದನೆಯ ಸರಪಳಿಯನ್ನು ಎಲ್ಲಿ ಮುರಿಯಬೇಕೆಂಬುದು ಅದಕ್ಕೆ ತಿಳಿಯದು. ಪಂಪನನ್ನು ಓದುವಾಗ ಎಲ್ಲಿ ಉಸಿರು ತೆಗೆದುಕೊಳ್ಳುತ್ತೇವೆ ಎಂಬುದರಲ್ಲೇ ಅರ್ಧ ಅನ್ವಯ ಇರುತ್ತದೆ. ಅದನ್ನು ಮನುಷ್ಯರೇ ಓದಿ ಕೊಡಬೇಕು.

ಓದಿ ಕೊಡುವುದು ಹೊಸ ಕೆಲಸವೇನಲ್ಲ. ಹಾಸ್ಟೆಲಿನಲ್ಲಿ ಅವಳ ಗೆಳತಿಯರು ಸರದಿಯ ಮೇಲೆ ಓದುತ್ತಿದ್ದರು. ಆದರೆ ಎದುರು ಕೂತು ಓದುವುದಕ್ಕೆ ಇಬ್ಬರಿಗೂ ಒಂದೇ ಹೊತ್ತು ಬಿಡುವಿರಬೇಕು. ಕೇಳುವವರಿಗೆ ‘ಇನ್ನೊಮ್ಮೆ ಓದು’ ಎನ್ನಲು ಸಂಕೋಚ. ಧ್ವನಿಮುದ್ರಣವಾದರೆ ನಡುರಾತ್ರಿ ಎದ್ದು ಒಂದೇ ಸಾಲನ್ನು ಹತ್ತು ಸಲ ಕೇಳಬಹುದು, ಯಾರ ಋಣವೂ ಇಲ್ಲ. ‘ನನಗೆ ಬೇಕಾಗಿರೋದು ನಿಮ್ಮ ಸಮಯ ಅಲ್ಲ, ನಿಮ್ಮ ಓದು’ ಎಂದು ಅವಳೇ ಒಮ್ಮೆ ಹೇಳಿದಳು. ನಾನು ಮೈಕಿನ ಬಗ್ಗೆ ಯೋಚಿಸಲು ಶುರುಮಾಡಿದ್ದು ಆವತ್ತಿನಿಂದ.

ಹಾಗೆ ಓದಿ ಮುದ್ರಿಸಿ ಕೊಡುವುದು ಕೃತಿಚೌರ್ಯವಲ್ಲವೇ ಎಂದು ಕೆಲವು ಗೆಳೆಯರು ಕೇಳಿದರು. ಅಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ, ಅಂಗವಿಕಲರು ಓದಬಲ್ಲ ರೂಪಕ್ಕೆ ಕೃತಿಯನ್ನು ಬದಲಿಸಿ ಅವರ ಸ್ವಂತ ಬಳಕೆಗೆ, ಶಿಕ್ಷಣಕ್ಕೆ, ಸಂಶೋಧನೆಗೆ ಕೊಡಲು ಯಾರಿಗೇ ಆದರೂ ಅವಕಾಶ ಮಾಡಿಕೊಟ್ಟಿದೆ. ಇದೇ ಉದ್ದೇಶದ ಅಂತಾರಾಷ್ಟ್ರೀಯ ಒಪ್ಪಂದವೊಂದು 2013ರಲ್ಲಿ ಮರಕೇಶ್ ನಗರದಲ್ಲಿ ಆಯಿತು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಕಾನೂನು ಬಾಗಿಲು ತೆರೆದಿದೆ. ಒಳಗೆ ಹೋಗಿ ಕೂತು ಓದುವವರು ಬೇಕು, ಅಷ್ಟೆ.

ಈ ಹುಡುಕಾಟದಲ್ಲಿ 1935 ಎಂಬ ವರ್ಷ ಎರಡು ಸಲ ಎದುರಾಯಿತು. ಆ ವರ್ಷ ಲಂಡನ್ನಿನಲ್ಲಿ ಅಂಧರಿಗಾಗಿ ‘ಮಾತಾಡುವ ಪುಸ್ತಕ’ಗಳ ಸೇವೆ ಶುರುವಾಯಿತು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ, ವಯಸ್ಸಾದ ಮೇಲೆ ಬ್ರೈಲ್ ಕಲಿಯಲಾಗದ ಸೈನಿಕರು ಅದರ ಹಿಂದಿನ ಒತ್ತಾಸೆ. ಒಂದು ಬದಿಗೆ ಸುಮಾರು 25 ನಿಮಿಷ ಓಡುವ, ನಿಧಾನಗತಿಯ ತಟ್ಟೆಗಳನ್ನು ಅದಕ್ಕೆಂದೇ ರೂಪಿಸಿದರು. ಮೊದಲ ಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿಯೊಂದಿತ್ತು. ಸಂಗೀತದ ಎಲ್‌ಪಿ ತಟ್ಟೆ ಮಾರುಕಟ್ಟೆಗೆ ಬಂದದ್ದು 1948ರಲ್ಲಿ. ಎಂದರೆ ದೀರ್ಘವಾಗಿ ಓಡುವ ತಟ್ಟೆಯ ಅಗತ್ಯ ಹಾಡು ಕೇಳುವವರಿಗಿಂತ ಮೊದಲು ಪುಸ್ತಕ ಕೇಳುವವರಿಗೆ ಕಾಣಿಸಿತ್ತು. ಅದೇ 1935ರಲ್ಲಿ ನಮ್ಮ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸಣ್ಣ ಪ್ರೇಷಕ ಯಂತ್ರವೊಂದನ್ನು ಇಟ್ಟು ರೇಡಿಯೊ ಪ್ರಸಾರ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಆ ಮನೆಯಿಂದ ಹೊರಟದ್ದು. ನಾನು ಬಾಡಿಗೆಗಿರುವುದು ಸರಸ್ವತಿಪುರಂನ ಒಂದು ಕೋಣೆಯಲ್ಲಿ. ಮನೆಯಲ್ಲೇ ಕೂತು ಓದಿ ಮುದ್ರಿಸುವುದು ಹುಚ್ಚು ಎನ್ನಿಸಿದಾಗಲೆಲ್ಲ ಈ ಊರಿಗೆ ಆ ಹುಚ್ಚು ಹಳೆಯದು ಎಂದು ನೆನಪಿಸಿಕೊಳ್ಳುತ್ತೇನೆ.

*

ನನ್ನ ಕೈಯಲ್ಲಿದ್ದದ್ದು 8,000 ರೂಪಾಯಿ. ಮೂರು ತಿಂಗಳು ತಡವಾಗಿ ಬಂದ ಫೆಲೋಶಿಪ್ ಕಂತಿನಿಂದ ಎತ್ತಿಟ್ಟದ್ದು. ಇಷ್ಟರೊಳಗೆ ಮೈಕ್, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್, ವೈರು, ಸ್ಟ್ಯಾಂಡು ಎಲ್ಲ ಆಗಬೇಕು.

ಮೈಕಿನ ವಿಮರ್ಶೆಗಳನ್ನು ಒಂದು ವಾರ ಓದಿದೆ, ನೋಡಿದೆ. ಸಾಹಿತ್ಯ ವಿಮರ್ಶೆಗೆ ಒಗ್ಗಿದವರಿಗೆ ಆ ಭಾಷೆ ಅಪರಿಚಿತವಲ್ಲ. ‘ಬೆಚ್ಚಗಿನ’ ಧ್ವನಿ, ‘ಗಾಳಿಯಂಥ’ ಮೇಲುಸ್ಥಾಯಿ, ‘ಕೆನೆಯಂಥ’ ನಡುಸ್ಥಾಯಿ. ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ಮೈಕಿನಲ್ಲಿ ನನ್ನ ಧ್ವನಿ ಎಷ್ಟು ಚಂದ ಕೇಳುತ್ತದೆ? ನನಗೆ ಬೇಕಿದ್ದ ಪ್ರಶ್ನೆ ಬೇರೆ. ಆರು ತಾಸು ಕೇಳಿದರೆ ಅವಳ ತಲೆ ನೋಯುತ್ತದೆಯೇ? ಎರಡರಷ್ಟು ವೇಗದಲ್ಲಿ ‘ದನ’ವೂ ‘ಧನ’ವೂ ಬೇರೆಬೇರೆಯಾಗಿ ಕೇಳುತ್ತವೆಯೇ? ಇದಕ್ಕೆ ಯಾವ ವಿಮರ್ಶೆಯಲ್ಲೂ ಉತ್ತರ ಇರಲಿಲ್ಲ. ಹಾಗಾಗಿ ಮೈಕ್ ಹೇಗೆ ಕೆಲಸ ಮಾಡುತ್ತದೆಂದು ಮೊದಲು ತಿಳಿಯುವುದೇ ಸರಿ ಎನ್ನಿಸಿತು.

ಮುಖ್ಯವಾಗಿ ಎರಡು ಜಾತಿ. ಡೈನಾಮಿಕ್ ಮೈಕಿನಲ್ಲಿ ತೆಳು ಪೊರೆಯ ಹಿಂದೆ ಒಂದು ತಂತಿಯ ಸುರುಳಿ ಅಂಟಿಕೊಂಡಿರುತ್ತದೆ. ಮಾತಿಗೆ ಪೊರೆ ಅದುರಿದಾಗ ಸುರುಳಿ ಆಯಸ್ಕಾಂತದ ನಡುವೆ ಆಡುತ್ತದೆ, ಸಣ್ಣ ವಿದ್ಯುತ್ ಹುಟ್ಟುತ್ತದೆ. ಕಂಡೆನ್ಸರ್ ಮೈಕಿನಲ್ಲಿ ಸುರುಳಿ ಇಲ್ಲ. ವಿದ್ಯುದಂಶ ಹೊತ್ತ ಎರಡು ತೆಳು ತಟ್ಟೆಗಳ ನಡುವಿನ ಅಂತರ ಮಾತಿನೊಂದಿಗೆ ಹಿಗ್ಗುತ್ತ ಕುಗ್ಗುತ್ತ ಹೋಗುತ್ತದೆ, ಆ ಬದಲಾವಣೆಯೇ ಧ್ವನಿಯ ನಕಲು. ಸುರುಳಿಯ ಭಾರ ಇಲ್ಲದ್ದರಿಂದ ಅದರ ಪೊರೆ ಚುರುಕು. 1916ರಲ್ಲಿ ಅಮೆರಿಕದ ಇ. ಸಿ. ವೆಂಟೆ ಅದನ್ನು ರೂಪಿಸಿದಾಗ ಅದಕ್ಕೆ ಹೊರಗಿನಿಂದ ಹೆಚ್ಚು ವೋಲ್ಟೇಜ್ ಊಡಬೇಕಿತ್ತು. 1962ರಲ್ಲಿ ಬೆಲ್ ಲ್ಯಾಬ್ಸ್‌ನ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ವಿದ್ಯುದಂಶವನ್ನು ಪೊರೆಯಲ್ಲೇ ಶಾಶ್ವತವಾಗಿ ಹಿಡಿದಿಡುವ ದಾರಿ ಕಂಡುಕೊಂಡರು. ಆಮೇಲೆ ಮೈಕ್ ಅಗ್ಗವಾಯಿತು, ಸಣ್ಣದಾಯಿತು, ಟೇಪ್‌ರೆಕಾರ್ಡರ್ ದೂರವಾಣಿಗಳ ಒಳಗೆ ಸೇರಿತು. ಇಂದಿಗೂ ಸ್ಟುಡಿಯೊದ ಕಂಡೆನ್ಸರ್ ಮೈಕಿಗೆ ವೈರಿನ ಮೂಲಕವೇ 48 ವೋಲ್ಟ್ ಕೊಡಬೇಕು. ಅದಕ್ಕೆ ಫ್ಯಾಂಟಮ್ ಪವರ್ ಎಂದು ಹೆಸರು, ನಮ್ಮ ಮಾತಿನಲ್ಲಿ ಹೇಳುವುದಾದರೆ ಭೂತಶಕ್ತಿ.

ಇಂಟರ್‌ಫೇಸ್ ಎಂಬುದು ಅಂಗೈಯಗಲದ ಪೆಟ್ಟಿಗೆ. ಅದು ಮಾಡುವ ಕೆಲಸ ಮೂರು. ಮೈಕಿನಿಂದ ಬರುವ ಅತಿ ಸಣ್ಣ ವಿದ್ಯುತ್ತನ್ನು ದೊಡ್ಡದು ಮಾಡುವುದು, ಅದನ್ನು ಅಂಕಿಗಳಾಗಿ ಬದಲಿಸಿ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಕಳಿಸುವುದು, ನಾವು ಓದಿದ್ದನ್ನು ಓದುತ್ತಿರುವಾಗಲೇ ಹೆಡ್‌ಫೋನಿನಲ್ಲಿ ನಮಗೆ ಕೇಳಿಸುವುದು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಎರಡನೆಯ ಕೆಲಸದ ಅಂಕಿ: 24 ಬಿಟ್, 192 ಕಿಲೊಹರ್ಟ್ಸ್. ಪುಸ್ತಕದ ಓದಿಗೆ ಸೆಕೆಂಡಿಗೆ 44,100 ಮಾದರಿಗಳು ಧಾರಾಳ. 16 ಬಿಟ್‌ನಲ್ಲಿ ಹಾಗೆ ಮುದ್ರಿಸಿದ ಒಂದು ತಾಸಿನ ಒಂಟಿ ಚಾನೆಲ್ಲು ಸುಮಾರು 318 ಎಂಬಿ ತಿನ್ನುತ್ತದೆ, ಎಂಪಿ3 ಮಾಡಿದರೆ ಅದರ ಹತ್ತರಲ್ಲೊಂದು ಭಾಗವೂ ಆಗದು. 24 ಬಿಟ್‌ನ ಲಾಭವೆಂದರೆ ತಗ್ಗಿಸಿದ ಮಟ್ಟದಲ್ಲಿ ನಿಶ್ಚಿಂತೆಯಿಂದ ಮುದ್ರಿಸಿ ಆಮೇಲೆ ಏರಿಸಿಕೊಳ್ಳಬಹುದು. ಅದಕ್ಕಿಂತ ಮೇಲಿನ ಅಂಕಿಗಳಿಗೆ ಹಣ ಕೊಡಬೇಕಿಲ್ಲ. ಹಣ ಕೊಡಬೇಕಾದ್ದು ಮೊದಲನೆಯ ಕೆಲಸಕ್ಕೆ. ಸಣ್ಣ ಸದ್ದನ್ನು ದೊಡ್ಡದು ಮಾಡುವಾಗ ತನ್ನದೇ ‘ಸುಸ್’ ಎನ್ನುವ ಸದ್ದನ್ನು ಸೇರಿಸದೆ ಇರುವುದು ಅಗ್ಗದ ಪೆಟ್ಟಿಗೆಗಳಿಗೆ ಕಷ್ಟ.

*

ಇವೆಲ್ಲಕ್ಕಿಂತ ಮೊದಲು ಕೋಣೆ. ನನ್ನದು ಹತ್ತಡಿಗೆ ಹನ್ನೆರಡಡಿ, ಮೂರು ಬದಿ ಬರಿಗೋಡೆ, ನೆಲಕ್ಕೆ ಟೈಲ್ಸು. ಚಪ್ಪಾಳೆ ತಟ್ಟಿದರೆ ಗೋಡೆ ತಿರುಗಿ ತಟ್ಟುತ್ತದೆ. ಬೆಳಿಗ್ಗೆ ಕೋಗಿಲೆ, ಆಮೇಲೆ ಧ್ವನಿವರ್ಧಕದಲ್ಲಿ ಒಂದೇ ಸಾಲು ಕೂಗಿಸುತ್ತ ಬರುವ ಸೊಪ್ಪಿನ ಗಾಡಿ, ಕೆಳಗಿನ ಮನೆಯ ಕುಕ್ಕರು, ಚಾಮರಾಜನಗರದ ಕಡೆಯ ರೈಲು. ಮುದ್ರಣಕ್ಕೆ ಸಿಗುವುದು ರಾತ್ರಿ ಹತ್ತೂವರೆಯಿಂದ ಎರಡರವರೆಗಿನ ಹೊತ್ತು. ಆಗಲೂ ಫ್ಯಾನ್ ಆರಿಸಬೇಕು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ‘ಹಮ್’ ಎನ್ನುವ ತೆಳು ಗುಂಯ್‌ಗುಡುವಿಕೆ ಹೋಗುತ್ತದೆ. ಅದು ನಮ್ಮ ಮನೆಗಳ 50 ಹರ್ಟ್ಸ್ ವಿದ್ಯುತ್ತಿನ ಗುನುಗು.

ಸ್ಪಂಜಿನ ಚೌಕಗಳನ್ನು ಗೋಡೆಗೆ ಅಂಟಿಸುವ ಪದ್ಧತಿ ಇದೆ. ನನ್ನ ಬಳಿ ಕೌದಿ ಇತ್ತು. ಹಾವೇರಿ ಕಡೆಯ ಮನೆಗಳಲ್ಲಿ ಮಕ್ಕಳನ್ನು ಓದಲು ಕಳಿಸುವಾಗ ಟ್ರಂಕಿನ ಜೊತೆ ಒಂದು ಕೌದಿ ಕಟ್ಟಿ ಕೊಡುತ್ತಾರೆ. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಇಟ್ಟು, ಒತ್ತಾಗಿ ಹೊಲಿದದ್ದು. ಅವ್ವನ ಎರಡು ಕೌದಿಗಳನ್ನು ಬಟ್ಟೆ ಒಣಹಾಕುವ ಹಗ್ಗದ ಮೇಲೆ ನನ್ನ ಬೆನ್ನ ಹಿಂದೆ ಒಂದು, ಬಲಕ್ಕೊಂದು ಇಳಿಬಿಟ್ಟೆ. ಎಡಕ್ಕೆ ಪುಸ್ತಕದ ಕಪಾಟು. ಮೈಕ್ ಹಿಂದಿನ ಗೋಡೆಗಿಂತ ಓದುವವರ ಬೆನ್ನ ಹಿಂದಿನ ಗೋಡೆ ಮುಖ್ಯ, ಏಕೆಂದರೆ ಒಂದು ದಿಕ್ಕಿಗೆ ಕಿವಿಗೊಡುವ ಮೈಕು ನೋಡುತ್ತಿರುವುದು ನಮ್ಮ ಮುಖವನ್ನು ಮತ್ತು ನಮ್ಮ ಹಿಂದಿರುವುದನ್ನು. ದಪ್ಪ ಬಟ್ಟೆ ಗಡಸು ಮೇಲುದನಿಯನ್ನು ಹೀರುತ್ತದೆ, ಲಾರಿಯ ಗುಡುಗನ್ನು ಹೀರುವುದಿಲ್ಲ. ಆದರೆ ಮಾತನ್ನು ಮಸುಕಾಗಿಸುವ ಪ್ರತಿಧ್ವನಿಯ ಬಹುಪಾಲು ಹೋಗಿಬಿಟ್ಟಿತು. ಈ ಇಡೀ ಏರ್ಪಾಟಿನಲ್ಲಿ ಅತಿ ಹೆಚ್ಚು ಫಲ ಕೊಟ್ಟ ಉಪಕರಣಕ್ಕೆ ಖರ್ಚಾದದ್ದು ಸೊನ್ನೆ ರೂಪಾಯಿ.

ಇನ್ನು ಮೈಕ್. ಗಾಯಕ ಗೆಳೆಯನೊಬ್ಬ ಒಂದು ಕಂಡೆನ್ಸರ್, ಒಂದು ಡೈನಾಮಿಕ್ ಮೈಕನ್ನು ತನ್ನ ಇಂಟರ್‌ಫೇಸಿನೊಂದಿಗೆ ಎರಡು ದಿನಕ್ಕೆ ಕೊಟ್ಟ. ವಡ್ಡಾರಾಧನೆಯ ಒಂದೇ ಪುಟವನ್ನು ಮೂರು ಸಲ ಓದಿದೆ: ಒಮ್ಮೆ ಫೋನಿನಲ್ಲಿ, ಒಮ್ಮೆ ಕಂಡೆನ್ಸರಿನಲ್ಲಿ, ಒಮ್ಮೆ ಡೈನಾಮಿಕ್‌ನಲ್ಲಿ. ಯಾವುದು ಯಾವುದೆಂದು ಹೇಳದೆ ಅವಳಿಗೆ ಕಳಿಸಿದೆ. ನನ್ನ ಕಿವಿಗೆ ಎರಡನೆಯದೇ ಚಂದ ಕೇಳಿತ್ತು. ಆಕಾಶವಾಣಿಯ ಕಲಾವಿದರ ಹಾಗೆ ಹೊಳಪಿತ್ತು.

ಮಾರನೆಯ ದಿನ ಕ್ಯಾಂಟೀನಿನಲ್ಲಿ ಅವಳು ಇಯರ್‌ಫೋನ್ ತೆಗೆದು ಹೇಳಿದಳು. ‘ಒಂದನೇದರಲ್ಲಿ ಮಹಾಪ್ರಾಣ ಇಲ್ಲ. ನೀವು ಹೇಳ್ತಿದೀರಿ, ಅದು ತಿಂತಿದೆ. ಎರಡನೇದು ಚೆನ್ನಾಗಿದೆ, ಆದರೆ ನೀವು ಕೋಣೇಲಿದ್ದೀರಿ. ಕಿಟಕಿ ಬಲಗಡೆ ಇದೆ ಅಲ್ವಾ? ಎರಡು ಪಟ್ಟು ಓಡಿಸಿದರೆ ಕೋಣೆ, ನೀವು ಎರಡೂ ಕಲಸಿಹೋಗುತ್ತೆ. ಮೂರನೇದು ಒಣಗಿದೆ. ಆದರೆ ಅದರಲ್ಲಿ ನೀವೊಬ್ಬರೇ ಇದ್ದೀರಿ. ಅದು ಸಾಕು.’

ಕಿಟಕಿ ಬಲಗಡೆಯೇ ಇತ್ತು. ಅದನ್ನು ಹೇಗೆ ಕಂಡುಹಿಡಿದಳೆಂದು ಇಂದಿಗೂ ಹೇಳಿಲ್ಲ, ಕೇಳಿದರೆ ನಗುತ್ತಾಳೆ. ಆದರೆ ಉಳಿದ ಎರಡು ಮಾತುಗಳಿಗೆ ವಿವರಣೆ ಸಿಕ್ಕಿತು. ಫೋನುಗಳು ಸುತ್ತಲಿನ ಗದ್ದಲವನ್ನು ತಾವಾಗಿಯೇ ಅಳಿಸಲು ನೋಡುತ್ತವೆ. ಗದ್ದಲವೆಂದರೆ ಅವುಗಳ ಲೆಕ್ಕದಲ್ಲಿ ಸ್ವರವಿಲ್ಲದ, ಗಾಳಿಯಂಥ ಸದ್ದು. ನಮ್ಮ ಮಹಾಪ್ರಾಣವೂ ಅದೇ ತಾನೆ? ‘ದ’ಕಾರಕ್ಕೂ ‘ಧ’ಕಾರಕ್ಕೂ, ‘ಕ’ಕ್ಕೂ ‘ಖ’ಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಉಸಿರು. ಆ ಉಸಿರನ್ನು ಫ್ಯಾನಿನ ಗಾಳಿಯೆಂದು ತಿಳಿದು ಯಂತ್ರ ಗುಡಿಸಿಹಾಕುತ್ತದೆ. ಮುದ್ರಿಸಿದ ಮೇಲೆ ಆಡಾಸಿಟಿಯಂಥ ತಂತ್ರಾಂಶದಲ್ಲಿ ಸದ್ದು ತೆಗೆಯುವ ಸೌಲಭ್ಯವನ್ನು ಜೋರಾಗಿ ಬಳಸಿದರೂ ಆಗುವುದು ಇದೇ. ‘ಹೇಗಿದ್ದರೂ ಆಮೇಲೆ ಸ್ವಚ್ಛ ಮಾಡಬಹುದು’ ಎಂಬ ಸಲಹೆ ಹಾಡಿಗೆ, ಹರಟೆಗೆ ಸಲ್ಲಬಹುದು. ಹಳಗನ್ನಡದ ಪಾಠಕ್ಕೆ ಸಲ್ಲದು. ಮೊದಲೇ ಸ್ವಚ್ಛವಾಗಿ ಹಿಡಿಯಬೇಕು. ಫೋನಿದ್ದೂ ಮೈಕಿಗೆ ಹಣ ಹಾಕುವುದಕ್ಕೆ ನನಗೆ ಸಿಕ್ಕ ಗಟ್ಟಿ ಕಾರಣ ಇದು.

ಮೂರನೆಯದು ಒಣಗಿದೆ ಎಂದಳಲ್ಲ, ಅದರ ಗುಟ್ಟು ಡೈನಾಮಿಕ್ ಎಂಬ ಜಾತಿಯಲ್ಲಿಲ್ಲ. ‘ಡೈನಾಮಿಕ್ ಮೈಕ್ ಕೋಣೆಯ ಸದ್ದನ್ನು ಹಿಡಿಯುವುದಿಲ್ಲ’ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಎರಡೂ ಮುಂದಕ್ಕಷ್ಟೇ ಕಿವಿಗೊಡುವ ಮೈಕುಗಳಾಗಿದ್ದರೆ, ಎರಡನ್ನೂ ಒಂದೇ ದೂರದಲ್ಲಿಟ್ಟರೆ, ಕೋಣೆಯ ಪಾಲು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಬರುವುದು ನಾವು ಕೂರುವ ರೀತಿಯಿಂದ. ಕಂಡೆನ್ಸರಿನ ಎದುರು ಒಂದು ಗೇಣು ದೂರ ಕೂರುತ್ತೇವೆ. ಹತ್ತಿರ ಹೋದರೆ ಉಸಿರು, ತುಟಿಯ ಚಪ್ಪರಿಕೆ ಎಲ್ಲ ಸಿಡಿಯುತ್ತದೆ. ವೇದಿಕೆಯ ಡೈನಾಮಿಕ್ ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರದಲ್ಲಿ ಬಳಸಲೆಂದೇ ಮಾಡಿರುತ್ತಾರೆ. ದೂರ ಅರ್ಧವಾದರೆ ನೇರ ಧ್ವನಿ 6 ಡೆಸಿಬಲ್ ಏರುತ್ತದೆ, ಕೋಣೆಯ ಸದ್ದು ಇದ್ದಷ್ಟೇ ಇರುತ್ತದೆ. ಗೇಣಿನಿಂದ ನಾಲ್ಕು ಬೆರಳಿಗೆ ಬಂದರೆ ದೂರ ಮೂರರಲ್ಲೊಂದು ಪಾಲಾಗುತ್ತದೆ, ಧ್ವನಿಗೆ ಕೋಣೆಯ ಮೇಲೆ 9 ಡೆಸಿಬಲ್‌ಗೂ ಹೆಚ್ಚಿನ ಮೇಲುಗೈ ಸಿಗುತ್ತದೆ. ಇಷ್ಟನ್ನು ಹಣ ಕೊಟ್ಟು ಪಡೆಯಬೇಕಾದರೆ ಬೇರೆ ಮನೆಯನ್ನೇ ಹಿಡಿಯಬೇಕಾಗುತ್ತಿತ್ತು.

ಅಷ್ಟು ಹತ್ತಿರ ಹೋದರೆ ಬೇರೆ ಎರಡು ಸಂಗತಿ ಎದುರಾಗುತ್ತವೆ. ಒಂದು, ದನಿಯ ತಗ್ಗು ಭಾಗ ಉಬ್ಬಿ ಎಲ್ಲರೂ ಭೀಮಸೇನರಾಗುತ್ತೇವೆ. ಇಂಥ ಮೈಕುಗಳ ಸ್ವಭಾವವೇ ಹಾಗೆ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ತಂತ್ರಾಂಶದಲ್ಲಿ ಕತ್ತರಿಸಿದರೆ ಬಹಳಷ್ಟು ಸರಿಹೋಗುತ್ತದೆ, ಅಲ್ಲಿ ಅಕ್ಷರ ಯಾವುದೂ ಇಲ್ಲ. ಇನ್ನೊಂದು, ಪ ಫ ಬ ಭ. ತುಟಿ ಮುಚ್ಚಿ ತೆರೆದಾಗ ಹೊಮ್ಮುವ ಗಾಳಿಯ ಗುದ್ದು ಪೊರೆಗೆ ನೇರವಾಗಿ ಬಡಿಯುತ್ತದೆ. ‘ಪಂಪಭಾರತ’ ಎಂಬ ಒಂದು ಪದದಲ್ಲೇ ಮೂರು ಗುದ್ದು. ಸ್ಪಂಜಿನ ಟೋಪಿ ಹಾಕಿ, ಮೈಕನ್ನು ಬಾಯಿಯ ನೇರಕ್ಕಲ್ಲದೆ ತುಟಿಯ ಮೂಲೆಯ ಕಡೆ ಓರೆಯಾಗಿ ಇಟ್ಟರೆ ಗಾಳಿ ಪಕ್ಕಕ್ಕೆ ಹೋಗುತ್ತದೆ, ಸದ್ದು ಮಾತ್ರ ಮೈಕಿಗೆ ಸಿಗುತ್ತದೆ. ಗಾಳಿಗೆ ಒಂದೇ ದಾರಿ, ಸದ್ದಿಗೆ ಎಲ್ಲ ದಿಕ್ಕೂ ದಾರಿ. ಮಹಾಪ್ರಾಣದ ಉಸಿರು ಉಳಿಯಬೇಕು, ಗುದ್ದು ಹೋಗಬೇಕು ಎಂದಾದರೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ.

*

ಡೈನಾಮಿಕ್ ಎಂದು ನಿಶ್ಚಯವಾದ ಮೇಲೆ ಯಾವುದು ಎಂಬ ಪ್ರಶ್ನೆ. ಪಾಡ್‌ಕಾಸ್ಟ್‌ಗಳಲ್ಲಿ ಎಲ್ಲರ ಬಾಯೆದುರು ಕಾಣುವ ದಪ್ಪನೆಯ ಕಪ್ಪು ಮೈಕು ಶೂರ್ ಕಂಪನಿಯ ಎಸ್‌ಎಂ7ಬಿ. ಅದರ ಬೆಲೆಯಲ್ಲಿ ನನ್ನ ಇಡೀ ಬಜೆಟ್ಟನ್ನು ಹಲವು ಸಲ ಖರ್ಚು ಮಾಡಬಹುದು. ಬೆಲೆ ಬದಿಗಿಟ್ಟರೂ ಅದು ಕೊಡುವ ಸಂಕೇತ ಬಹಳ ಸಣ್ಣದು, ಅದಕ್ಕೆ ಕನಿಷ್ಠ 60 ಡೆಸಿಬಲ್ ವರ್ಧನೆ ಬೇಕೆಂದು ತಯಾರಕರೇ ಹೇಳುತ್ತಾರೆ. ಅಗ್ಗದ ಇಂಟರ್‌ಫೇಸಿಗೆ ಅದನ್ನು ಜೋಡಿಸಿದರೆ ಗುಬ್ಬಿಯನ್ನು ತಿರುಗಿಸಿ ತಿರುಗಿಸಿ ಕೊನೆಗೆ ಕೇಳುವುದು ಪೆಟ್ಟಿಗೆಯ ‘ಸುಸ್’. ದುಬಾರಿ ಮೈಕಿಗೆ ಅಗ್ಗದ ಪೆಟ್ಟಿಗೆ ಎಂಬುದು ಮೈಸೂರು ಪಾಕನ್ನು ಒದ್ದೆ ಕಾಗದದಲ್ಲಿ ಕಟ್ಟಿಕೊಟ್ಟ ಹಾಗೆ. ಆದ್ದರಿಂದ ಲೆಕ್ಕವನ್ನು ತಿರುಗಿಸಿದೆ: ಪೆಟ್ಟಿಗೆಗೆ ಹೆಚ್ಚು, ಮೈಕಿಗೆ ಕಡಿಮೆ.

ಯುಎಸ್‌ಬಿ, ಎಕ್ಸ್‌ಎಲ್‌ಆರ್ ಎರಡೂ ಕಿಂಡಿಗಳಿರುವ ಡೈನಾಮಿಕ್ ಮೈಕುಗಳೂ ಇವೆ. ಸ್ಯಾಮ್ಸನ್ ಕ್ಯು2ಯು ಅಂಥದ್ದು. ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಬಹುದು, ಮುಂದೆ ಬೇಕಾದರೆ ಇಂಟರ್‌ಫೇಸಿಗೂ ಜೋಡಿಸಬಹುದು. ಒಬ್ಬರೇ ಓದುವುದಾದರೆ, ತಲೆನೋವು ಬೇಡವೆಂದಾದರೆ, ನಾನು ಯಾರಿಗೇ ಆದರೂ ಮೊದಲು ಹೇಳುವುದು ಆ ಬಗೆಯ ಮೈಕನ್ನೇ. ನಾನು ಪ್ರತ್ಯೇಕ ಪೆಟ್ಟಿಗೆಯ ಕಡೆ ವಾಲಿದ್ದಕ್ಕೆ ಕಾರಣ ಈ ಸಲಕರಣೆ ಕೈಯಿಂದ ಕೈಗೆ ಓಡಾಡಬೇಕಿತ್ತು ಎಂಬುದು. ಯಾರು ಓದಲು ಕೂತರೂ ಪರದೆ ನೋಡದೆ, ಕೈಗೆ ಸಿಗುವ ಒಂದೇ ದೊಡ್ಡ ಗುಬ್ಬಿಯನ್ನು ತಿರುಗಿಸಿ ಮಟ್ಟ ಸರಿಮಾಡಿಕೊಳ್ಳಬೇಕು. ಮೈಕ್ ಬಿದ್ದು ಹಾಳಾದರೆ ಮೈಕನ್ನಷ್ಟೇ ಬದಲಿಸಬೇಕು.

ಕೊನೆಗೆ ಆದದ್ದು ಹೀಗೆ. ಬೆಂಗಳೂರಿನಲ್ಲಿ ಗಿಟಾರ್ ನುಡಿಸುವವರೊಬ್ಬರು ದೊಡ್ಡ ಪೆಟ್ಟಿಗೆ ಕೊಂಡು ಹಳೆಯದನ್ನು ಮಾರುತ್ತಿದ್ದರು: ಮೂರನೆಯ ತಲೆಮಾರಿನ ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ, 56 ಡೆಸಿಬಲ್ ವರ್ಧನೆ. ಕೊಳ್ಳುವ ಮುನ್ನ ಮೈಕ್ ಜೋಡಿಸಿ, ಗುಬ್ಬಿಯನ್ನು ಮುಕ್ಕಾಲು ತಿರುಗಿಸಿ, ಯಾರೂ ಮಾತಾಡದೆ ಒಂದು ನಿಮಿಷ ಮುದ್ರಿಸಿ ಕೇಳಿದೆ. ಹಳೆಯ ಇಂಟರ್‌ಫೇಸ್ ಕೊಳ್ಳುವಾಗ ಪರೀಕ್ಷಿಸಬೇಕಾದ್ದು ಆ ಮೌನವನ್ನು. ಗುಬ್ಬಿ ತಿರುಗಿಸುವಾಗ ಗರಗರ ಬಂದರೆ ಬಿಟ್ಟುಬಿಡಬೇಕು. ಅದಕ್ಕೆ 4,800. ಮೈಕ್ ಬೆರಿಂಜರ್ ಎಕ್ಸ್‌ಎಂ8500. ಊರೂರ ವೇದಿಕೆಗಳಲ್ಲಿ 1966ರಿಂದ ಕಾಣುತ್ತಿರುವ ಶೂರ್ ಎಸ್‌ಎಂ58ರ ಅಚ್ಚಿನಲ್ಲೇ ಇರುವ, ಅದಕ್ಕಿಂತ ಬಹಳ ಅಗ್ಗದ ಮೈಕ್. 2,000. ಎಕ್ಸ್‌ಎಲ್‌ಆರ್ ವೈರು 400, ಮೇಜಿನ ಸ್ಟ್ಯಾಂಡು 450, ಸ್ಪಂಜಿನ ಟೋಪಿ 150. ಒಟ್ಟು 7,800. ಉಳಿದ ಇನ್ನೂರು ಬೆಂಗಳೂರಿನ ಪ್ಯಾಸೆಂಜರ್ ರೈಲಿಗೆ, ಎರಡು ಕಾಫಿಗೆ.

ಆಡಿಯೊ ಪುಸ್ತಕ ಒಪ್ಪಿಕೊಳ್ಳುವ ಎಸಿಎಕ್ಸ್ ಎಂಬ ವೇದಿಕೆಗೆ ಒಂದು ಅಳತೆಗೋಲಿದೆ: ಯಾರೂ ಮಾತಾಡದಿದ್ದಾಗಿನ ಸದ್ದು ಮೈನಸ್ 60 ಡೆಸಿಬಲ್‌ಗಿಂತ ಕೆಳಗಿರಬೇಕು. ಫ್ಯಾನ್ ಹಾಕಿದ ಬರಿಗೋಡೆಯ ಕೋಣೆ ಮೈನಸ್ 41 ತೋರಿಸಿತ್ತು. ಫ್ಯಾನ್ ಆರಿಸಿ, ಕೌದಿ ಇಳಿಬಿಟ್ಟು, ನಾಲ್ಕು ಬೆರಳು ದೂರ ಕೂತು, ರಾತ್ರಿ ಹನ್ನೊಂದೂವರೆಗೆ ನೋಡಿದರೆ ಮೈನಸ್ 62. ನಾವು ಯಾರಿಗೂ ಮಾರುತ್ತಿಲ್ಲ, ಆದರೂ ಆ ಅಂಕಿ ಕಂಡಾಗ ಪ್ರಬಂಧದ ಒಂದು ಅಧ್ಯಾಯ ಮುಗಿಸಿದಷ್ಟು ಖುಷಿಯಾಯಿತು.

*

ಮೈಕ್ ಬಂದ ಮೇಲೆ ಅದರ ಎದುರು ಯಾವ ಕನ್ನಡ ಕೂರಬೇಕು ಎಂಬುದು ಮುಂದೆ ಬಂತು. ಕೆಂಪು ದೀಪ ಹತ್ತಿದೊಡನೆ ನನ್ನ ಗಂಟಲಲ್ಲಿ ವಾರ್ತೆ ಓದುವವರೊಬ್ಬರು ಬಂದು ಕೂರುತ್ತಿದ್ದರು. ಎರಡು ಅಧ್ಯಾಯ ಕೇಳಿ ಅವಳು ಹೇಳಿದಳು: ‘ನಾಟಕ ಬೇಡ. ನೀವು ಕಾರಿಡಾರಿನಲ್ಲಿ ಮಾತಾಡೋ ಹಾಗೇ ಓದಿ.’ ಅವಳು ಚಾಮರಾಜನಗರದ ಕಡೆಯವಳು, ನಾನು ಹಾವೇರಿಯವ. ನನ್ನ ‘ಅವಾಗ’, ‘ಹೌದಲ್ರಿ’ಗಳನ್ನು ಅವಳು ಆಡಿಕೊಳ್ಳುತ್ತಾಳೆ, ಅವಳ ‘ಆಲು’, ‘ಅಣ್ಣು’ಗಳನ್ನು ನಾನು. ಗ್ರಂಥದ ಕನ್ನಡ ಗ್ರಂಥದಲ್ಲಿರುವಂತೆಯೇ ಬರಬೇಕು. ಆದರೆ ಓದುವ ಲಯ ಯಾರದ್ದೋ ಆಗಬೇಕಿಲ್ಲ. ಕೇಳಿ ಕಲಿಯುವವರಿಗೆ ಭಾವಕ್ಕಿಂತ ಸಮನಾದ ವೇಗ ಮುಖ್ಯ. ನಾನು ಭಾವಾವೇಶದಲ್ಲಿ ಓಡಿದಲ್ಲಿ ಅವಳು ವೇಗ ತಗ್ಗಿಸಬೇಕಾಗುತ್ತದೆ, ಎಳೆದಲ್ಲಿ ಏರಿಸಬೇಕಾಗುತ್ತದೆ.

ಅವಳು ಹಾಕಿದ ಇನ್ನೊಂದು ನಿಯಮ ಪುಟಸಂಖ್ಯೆ. ಪ್ರತಿ ಪುಟ ಶುರುವಾದಾಗ ‘ಪುಟ ನಲವತ್ತೆರಡು’ ಎಂದು ಹೇಳಬೇಕು, ವಾಕ್ಯದ ನಡುವೆ ಪುಟ ತಿರುಗಿದರೂ. ಅಡಿಟಿಪ್ಪಣಿ ಬಂದರೆ ‘ಟಿಪ್ಪಣಿ’, ‘ಟಿಪ್ಪಣಿ ಮುಗಿಯಿತು’ ಎನ್ನಬೇಕು. ಕತೆ ಕೇಳುವವರಿಗೆ ಇದು ಅಡಚಣೆ. ಆದರೆ ಅವಳು ಕೇಳುಗಳಲ್ಲ, ಓದುಗಳು. ನಾಳೆ ಪ್ರಬಂಧ ಬರೆಯುವಾಗ ಉಲ್ಲೇಖಕ್ಕೆ ಪುಟಸಂಖ್ಯೆ ಬೇಕು. ಆಡಿಯೊ ಪುಸ್ತಕ ಮತ್ತು ಓದಿ ಮುದ್ರಿಸಿದ ಪಠ್ಯ ಬೇರೆಬೇರೆ ಎಂಬುದು ನನಗೆ ಹೊಳೆದದ್ದು ಆಗ. ಮೊದಲನೆಯದು ಒಂದು ಪ್ರದರ್ಶನ. ಎರಡನೆಯದರಲ್ಲಿ ಓದುವವರು ಕಾಗದದ ಹಾಗೆ ಇರಬೇಕು.

ಒಂದು ತಾಸಿನ ಮುದ್ರಣಕ್ಕೆ ಎರಡೂವರೆ ತಾಸು ಹಿಡಿಯುತ್ತದೆ. ತಪ್ಪು ಓದಿದಲ್ಲಿ ಚಪ್ಪಾಳೆ ತಟ್ಟಿ ಆ ವಾಕ್ಯವನ್ನು ಮತ್ತೆ ಓದುತ್ತೇನೆ. ಆಡಾಸಿಟಿಯಲ್ಲಿ ಎನ್‌ವಿಡಿಎ ನಡೆಯುವುದರಿಂದ ಸಂಪಾದನೆಯ ಕೆಲಸವನ್ನು ಈಗ ಅವಳೇ ವಹಿಸಿಕೊಂಡಿದ್ದಾಳೆ. ಚಪ್ಪಾಳೆ ಕೇಳಿದಲ್ಲಿ ನಿಲ್ಲುತ್ತಾಳೆ, ಕತ್ತರಿಸುತ್ತಾಳೆ, ಮುಂದೆ ಹೋಗುತ್ತಾಳೆ. ನಾನು ಚಪ್ಪಾಳೆ ತಟ್ಟದೆ ದಾಟಿಸಿದ ತಪ್ಪು ಅನ್ವಯಗಳನ್ನೂ ಹಿಡಿದು ಪಟ್ಟಿ ಕಳಿಸುತ್ತಾಳೆ. ಈ ತಿಂಗಳಿಗೆ ಒಟ್ಟು 61 ತಾಸು ಆಗಿದೆ. ವಡ್ಡಾರಾಧನೆಯ 19 ಕತೆಗಳು ಮುಗಿದಿವೆ, ಪಂಪನ ಅರ್ಧ ದಾರಿಯಲ್ಲಿದ್ದೇವೆ. ಹಾಸ್ಟೆಲಿನ ಇಬ್ಬರು ಹುಡುಗಿಯರು ವಿಮರ್ಶೆಯ ಪುಸ್ತಕಗಳನ್ನು ಓದಲು ಪೆಟ್ಟಿಗೆ, ಮೈಕು, ಒಂದು ಕೌದಿ ಒಯ್ದು ವಾಪಸು ತರುತ್ತಾರೆ.

ಹೋದ ವಾರ ಅವಳು ಮೈಕಿನ ಮುಂದೆ ತಾನೇ ಕೂತಳು. ಮುಂದಿನ ವರ್ಷ ಇಲ್ಲಿಗೆ ಬರಲಿರುವ, ಅವಳಂತೆಯೇ ಕಣ್ಣು ಕಾಣದ ಇಬ್ಬರಿಗಾಗಿ ಛಂದಸ್ಸಿನ ಟಿಪ್ಪಣಿಗಳನ್ನು ಬ್ರೈಲ್‌ನಲ್ಲಿ ಬರೆದುಕೊಂಡಿದ್ದಳು, ಅವನ್ನು ಓದಿದಳು. ನಾಲ್ಕು ಬೆರಳು ದೂರ, ತುಟಿಯ ಮೂಲೆಗೆ ಓರೆಯಾಗಿ ಮೈಕು, ಎಲ್ಲ ಸರಿಯಾಗಿತ್ತು. ಮುದ್ರಣ ಕೇಳಿದರೆ ದನಿಯ ಅಡಿಯಲ್ಲಿ ‘ಸರ್ ಸರ್’ ಎಂದು ಮೆತ್ತಗಿನ ಸದ್ದು. ಅವಳ ಬೆರಳು ಚುಕ್ಕೆಗಳ ಮೇಲೆ ಓಡುವ ಸದ್ದು ಮೇಜಿನೊಳಗಿಂದ ಸ್ಟ್ಯಾಂಡನ್ನು ಹತ್ತಿ ಮೈಕಿಗೆ ಬರುತ್ತಿತ್ತು. ಸ್ಟ್ಯಾಂಡಿನ ಕೆಳಗೆ ಕೌದಿ ಮಡಿಸಿ ಇಟ್ಟೆವು, ಸ್ವಲ್ಪ ಇಳಿಯಿತು. ಪೂರ್ತಿ ಹೋಗಬೇಕಾದರೆ ನೆಲದ ಮೇಲೆ ನಿಂತು ತೋಳು ಚಾಚುವ ಸ್ಟ್ಯಾಂಡು ಬೇಕು. ಸಯ್ಯಾಜಿರಾವ್ ರಸ್ತೆಯ ಅಂಗಡಿಯಲ್ಲಿ ವಿಚಾರಿಸಿದ್ದೇನೆ, 900 ರೂಪಾಯಿ ಅಂದರು. ‘ಅಲ್ಲೀತನಕ ಬೆರಳು ಎತ್ತೆತ್ತಿ ಓದ್ತೀನಿ’ ಎಂದು ಅವಳು ಮಾತ್ರಾಗಣದ ಪಾಠವನ್ನು ಮೊದಲಿಂದ ಶುರುಮಾಡಿದ್ದಾಳೆ.